ಜಾಜಿನ ಗೆರೆ

ಶರಣಬಸಮ್ಮ ಕುರಿಯ ತಲೆಯನ್ನು ಮೊಣಕಾಲ ನಡುವೆ ಹಿಡಿದು, ಕಿವಿ ಮಡಚಿ ರಕ್ತ ಹೀರುವ ಉಣ್ಣೆಹುಳ ಕೀಳುತ್ತಿದ್ದಳು. ಕಿತ್ತದ್ದನ್ನೆಲ್ಲ ಬೂದಿಯ ಬೋಗುಣಿಗೆ ಹಾಕುವಳು. ಮೊದಲು ಇಷ್ಟು ಹೊತ್ತು ಹಿಡಿಯುತ್ತಿರಲಿಲ್ಲ. ಹತ್ತಿಗೆ ಹೊಡೆಯುವ ಔಷಧವನ್ನೇ ಬಕೀಟಿನ ನೀರಿಗೆ ಸುರಿದು, ಗಂಡ ಭೀಮಶಾ ಮೊಣಕೈವರೆಗೆ ಕೈ ಅದ್ದಿ ಕಲಸಿ, ಕುರಿಗಳ ಮೈತುಂಬ ತಿಕ್ಕುತ್ತಿದ್ದ. ತೆಲಂಗಾಣದ ಗಡಿಯೂರು ಮೊಗುಡಂಪಲ್ಲಿಯ ಕುರಿಯವರ ಮನೆಗಳಲ್ಲಿ ಅದೇ ರೂಢಿ. ಸಂಜೆಗೆ ಉಣ್ಣೆಗಳು ಎಳ್ಳಿನಂತೆ ಉದುರುತ್ತಿದ್ದವು. ಕೈ ಮೂಸಿ ನಗುತ್ತ ಅವನು ಅದೇ ಕೈಯಲ್ಲಿ ರೊಟ್ಟಿ ಮುರಿಯುತ್ತಿದ್ದ.

ಈಗ ಅವನು ಬೇವಿನ ಮರದಡಿ ಹೊರಸಿನ ಮೇಲೆ ಕೂತು ಮಗಳಿಗೆ ಪತ್ರ ಬರೆಯುತ್ತಿದ್ದ. ಮೊದಲ ಅಕ್ಷರ ಕಡಲೆಕಾಳಿನಷ್ಟು. ಸಾಲಿನ ಕೊನೆಗೆ ಬರುವಷ್ಟರಲ್ಲಿ ಸಾಸಿವೆಗಿಂತ ಸಣ್ಣದು. ಕಾಗದ ಮುದ್ದೆ ಮಾಡಿ ಎಸೆದ. ಪೆನ್ನು ಕೆಳಗಿಟ್ಟ ಕೂಡಲೇ ಹೆಬ್ಬೆರಳು ತೋರುಬೆರಳನ್ನು ಉಜ್ಜತೊಡಗಿತು, ಕಾಣದ ಉಣ್ಣೆಯೊಂದನ್ನು ಹೊಸಕುತ್ತಿರುವಂತೆ. ದಸರೆಯಿಂದ ಪತ್ರ ಹೀಗೇ ಅರ್ಧಕ್ಕೆ ನಿಲ್ಲುತ್ತಿತ್ತು.

ಮಗಳು ಸ್ವಾತಿ ತಾನೇ ಮೆಚ್ಚಿದ ಹುಡುಗನನ್ನು ಮದುವೆಯಾಗಿ ಪೆದ್ದೆಮುಲ್‌ಗೆ ಹೋದಾಗ ಭೀಮಶಾ ಮಾತು ಬಿಟ್ಟದ್ದು ನಿಜ. ಮೊಮ್ಮಗಳು ಹುಟ್ಟಿದ ಸುದ್ದಿಗೆ ಆ ಸಿಟ್ಟು ಕರಗಿಹೋಗಿತ್ತು. ದಸರೆಗೆ ಅವಳು ಬರುವ ದಿನ ಮುಂಜಾನೆಯಿಂದಲೇ ಬಸ್ಸಿನ ದಾರಿ ಕಾದವನೂ ಅವನೇ. ಆದರೆ ಕೂಸನ್ನು ತೊಡೆಯ ಮೇಲಿಟ್ಟಾಗ ಅವನ ಮುಖ ಒಣಗಿದ ಮಣ್ಣಿನಂತೆ ಕದಲದೆ ಉಳಿಯಿತು. ಸ್ವಾತಿ ಅದೇ ಸಂಜೆಯ ಬಸ್ಸಿಗೆ ಹೊರಟುಹೋದಳು. ಮೈ ನಡುಗಿಸಿ ಮುಖ ಬಿಗಿಸುವ ಬ್ಯಾನಿಯಿಂದ ಹಾಗಾಗಿದೆ ಎಂದು ತಾಯಿ ಫೋನಿನಲ್ಲಿ ಎಷ್ಟು ಹೇಳಿದರೂ ನಂಬಲಿಲ್ಲ. ಸಿಟ್ಟಿಲ್ಲದಿದ್ದರೆ ಅಪ್ಪನೇ ಹೇಳಲಿ ಎಂದಳು. ಅಪ್ಪನ ದನಿಯೂ ಒಳಗಿಳಿದಿತ್ತು. ಫೋನಿನಲ್ಲಿ ಅವಳಿಗೆ ಬರೀ ಉಸಿರು ಕೇಳಿಸಿತು.

ಬೀದರದ ಡಾಕ್ಟರಿಗೆ ಶರಣಬಸಮ್ಮ ಕೇಳಿಯೇ ಬಿಟ್ಟಿದ್ದಳು: "ನಾನೂ ಅದೇ ಬಕೀಟಿನ್ಯಾಗ ಕೈ ಹಾಕೀನ್ರಿ. ಇವರಿಗೇ ಯಾಕ ಆತು?"

ಆ ಔಷಧವೊಂದರಿಂದಲೇ ಆಯಿತು ಎನ್ನಲಾಗದು, ಒಬ್ಬರಿಗೆ ತಾಗುತ್ತದೆ, ಒಬ್ಬರಿಗಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಮನಸ್ಸು ಹೇಳಿದ್ದನ್ನು ಮೈಯಿಂದ ಮಾಡಿಸುವ ರಸವೊಂದಿದೆಯಂತೆ. ಅದನ್ನು ತಯಾರಿಸುವ ಜೀವಕಣಗಳು ಮಿದುಳಿನಲ್ಲಿ ಬಹಳ ಕಡಿಮೆ. ಒಬ್ಬನೇ ಆಳು ಊರಿಗೆಲ್ಲ ನೀರು ಹೊತ್ತಂತೆ ದುಡಿದು ದಣಿದಿರುತ್ತವೆ. ದಣಿದ ಮೈಗೆ ವಿಷ ಬೇಗ ಏರುತ್ತದೆ. ಮೇಲಾಗಿ, ಚೆಲ್ಲಿದ ರಸವನ್ನು ಮರಳಿ ಒಳಗೆಳೆದುಕೊಳ್ಳಲು ಅವು ಬಾಗಿಲು ತೆರೆದಿಟ್ಟಿರುತ್ತವೆ. ಕೆಲವು ವಿಷಗಳು ಆ ರಸದಂತೆಯೇ ವೇಷ ಹಾಕಿ ಅದೇ ಬಾಗಿಲಿನಿಂದ ನುಗ್ಗುತ್ತವೆ. ಬಾಗಿಲು ಹಾಕಿಕೊಳ್ಳದ ಗಂಡನ ಸ್ವಭಾವವೇ ಅವಳಿಗೆ ನೆನಪಾಗಿತ್ತು. ದಾರಿಹೋಕರನ್ನೆಲ್ಲ ಕರೆದು ಚಹಾ ಕುಡಿಸುತ್ತಿದ್ದ ಮನುಷ್ಯ.

"ನೀನೇ ಬರಿ," ಎಂದ ಭೀಮಶಾ ಹೊರಸಿನಿಂದ, ಕೇಳಿಯೂ ಕೇಳದಂಥ ದನಿಯಲ್ಲಿ. "ರಾತ್ರಿ ಸಾಲಿಗಿ ಹೋಗಿ ಕಲ್ತೀದಿ ಅಲ್ಲ?"

"ನನ್ನ ಅಕ್ಷರ ಕೋಳಿ ಕೆದರಿದಂಗ ಇರ್ತಾವ. ಅಕಿಗಿ ಗುರ್ತು ಹತ್ತತದ."

"ನನ್ನವು ಇರಿವಿ ಆಗ್ಯಾವ."

"ಮತ್ತ ನನ್ನ ಕೋಳಿ ಬಂದು ತಿಂದು ಹೋಗ್ತದ, ಬಿಡ್ರಿ."

ಅವನ ಮುಖ ಕದಲಲಿಲ್ಲ. ಭುಜ ಮಾತ್ರ ಸಣ್ಣಗೆ ಕುಲುಕಿತು. ಅವನು ನಕ್ಕನೆಂದು ಅವಳಿಗೆ ತಿಳಿಯಿತು.

ಸ್ವಾತಿ ತೆಲುಗು ಶಾಲೆಯಲ್ಲಿ ಓದಿದವಳು. ಕನ್ನಡ ಕಲಿಸಿದವನು ಅಪ್ಪನೇ, ಕುರಿ ಮೇಯಿಸುತ್ತ, ನೆಲದ ಮೇಲೆ ಕೋಲಿನಿಂದ ಮಾರುದ್ದ ಅಕ್ಷರ ಗೀಚಿ. ಅದು ನೆನಪಾದದ್ದೇ ಶರಣಬಸಮ್ಮ ಕುರಿಯನ್ನು ಬಿಟ್ಟು ಎದ್ದಳು. ಕೈ ತೊಳೆದು ಬಂದಳು. ಕುರಿಗಳ ಬೆನ್ನಿಗೆ ಗುರುತು ಹಚ್ಚುವ ಕೆಂಪು ಜಾಜಿನಲ್ಲಿ ಕಡ್ಡಿ ಅದ್ದಿ, ಹೊಸ ಹಾಳೆಯ ಮೇಲೆ ಅಗಲಗಲ ಗೆರೆ ಎಳೆದಳು. ಒಣಗುವ ಮೊದಲೇ ಅವನ ಮುಂದಿಟ್ಟಳು.

"ಕಾಗದ ಅನ್ಕೋಬ್ಯಾಡ್ರಿ. ಹೊಲ ಅನ್ಕೋರಿ. ಒಂದೊಂದು ಅಕ್ಷರದ ಕಾಲು ಈ ಬದುವಿಗಿ, ತಲಿ ಆ ಬದುವಿಗಿ ಮುಟ್ಟಬೇಕು."

ಅವನು ಬರೆದ. ಕುಗ್ಗಲು ಹೊರಟ ಅಕ್ಷರ ಗೆರೆ ಕಂಡು ಮತ್ತೆ ತಲೆ ಎತ್ತುತ್ತಿತ್ತು. ಅವಳು ಉಳಿದ ಕುರಿಗಳ ಕಿವಿ ನೋಡಿ ಮುಗಿಸಿದರೂ ಅವನು ಬರೆಯುತ್ತಲೇ ಇದ್ದ. ಹಾಳೆಯಲ್ಲಿ ಹಿಡಿಸಿದ್ದು ಇಷ್ಟೇ:

'ಸ್ವಾತಿ, ನನ್ನ ಮಾರಿ ನಗವಲ್ದು. ಒಳಗ ನಾ ನಗಾಕತ್ತೀನಿ. ಕೂಸಿನ ಕರ್ಕೊಂಡು ಬಾ.'

ಅಂಚೆ ಡಬ್ಬಿಯವರೆಗೆ ಅವನು ಅವಳ ಹೆಗಲು ಹಿಡಿದು ನಡೆದ. ತಾನು ಹಾಕುತ್ತೇನೆಂದು ಅವಳು ಕೈಚಾಚಿದರೆ ಕೊಡಲಿಲ್ಲ. ಲಕೋಟೆ ಒಳಗೆ ಬಿದ್ದ ಸದ್ದು ಇಬ್ಬರಿಗೂ ಕೇಳಿಸಿತು. ಅವನು ಕೈ ತೆಗೆಯಲಿಲ್ಲ. ಜಾಜು ಮೆತ್ತಿದ ಬೆರಳುಗಳು ಡಬ್ಬಿಯ ಬಾಯಲ್ಲೇ ಇದ್ದವು, ಹೆಬ್ಬೆರಳು ಉಜ್ಜಿದಂತೆಲ್ಲ ತಗಡಿನ ಮುಚ್ಚಳ ಸಣ್ಣಗೆ ಟಕಟಕ ಬಡಿಯುತ್ತಿತ್ತು.