ಹಾಹಾದ ಆಚೆ ದಡ

ಆರ್ಡನ್‌ಬಿ ಬಂಗಲೆಯ ತೋಟವನ್ನು ಟಿಕೆಟ್ ಕೊಂಡವರಿಗೆ ತೋರಿಸುವುದು ನನ್ನ ಕೆಲಸವಾಗಿತ್ತು. ಹುಲ್ಲುಹಾಸಿನ ಅಂಚಿಗೆ ಬಂದಾಗ ಎಲ್ಲರನ್ನೂ ತಡೆದು ನಿಲ್ಲಿಸುತ್ತಿದ್ದೆ. ಅಲ್ಲಿ ಆಳೆತ್ತರದ ಕಂದಕವಿದೆ, ದೂರಕ್ಕೆ ಕಾಣುವುದಿಲ್ಲ. ಆಚೆಯ ಕುರಿಗಳು ಹೂದೋಟಕ್ಕೆ ನುಗ್ಗಬಾರದು, ದೊರೆಗಳ ಕಣ್ಣಿಗೆ ಬೇಲಿಯೂ ಬೀಳಬಾರದು ಎಂದು ತೋಡಿಸಿದ್ದು. ಅದರ ಹೆಸರು ಹಾಹಾ. ತಮಾಷೆಯಲ್ಲ, ಇಂಗ್ಲೆಂಡಿನ ದೊಡ್ಡ ಮನೆಗಳ ತೋಟಗಳಲ್ಲೆಲ್ಲ ಅದನ್ನು ಹಾಗೇ ಕರೆಯುವುದು. ಹೆಸರು ಕೇಳಿದ ಕೂಡಲೇ ಜನ ನಗುತ್ತಾರೆ. ನಾನೂ ಹಲ್ಲು ಕಿರಿಯುತ್ತಿದ್ದೆ.

ನನ್ನ ಗಂಡ ಆಂಬ್ರೋಸ್ ಇದೇ ತೋಟದ ಮಾಲಿಯಾಗಿದ್ದವನು. ಮುಪ್ಪಿನಲ್ಲಿ ಮರೆವಿನ ರೋಗ ಹತ್ತಿತು. ಗುಲಾಬಿ ಜಾತಿಗಳ ಹೆಸರೆಲ್ಲ ನಾಲಿಗೆಯ ತುದಿಯಲ್ಲಿದ್ದವು, ಹೆಂಡತಿಯ ಹೆಸರೊಂದನ್ನು ಬಿಟ್ಟು. ಒಬ್ಬನನ್ನೇ ಮನೆಯಲ್ಲಿ ಬಿಡಲಾಗದೆ ಜೊತೆಗೆ ಕರೆತಂದು ಬೆಂಚಿನ ಮೇಲೆ ಕೂರಿಸುತ್ತಿದ್ದೆ.

"ನೀವು ಯಾರ ಮನೆಯವರಮ್ಮ?" ಎನ್ನುತ್ತಿದ್ದ.

"ನಿನ್ನ ಹೆಂಡ್ತಿ ಕಣೋ. ವಿನಿ."

"ಹೌದಾ? ನನ್ನ ಹೆಂಡ್ತಿ ಬಂದ್ರೆ ಹೇಳಿ, ಟೀ ಆರ್ತಾ ಇದೆ ಅಂತ."

ಅತ್ತು ಅತ್ತು ಸಾಕಾಗಿತ್ತು. ಒಂದೇ ಒಂದು ಸಲ ನನ್ನ ಗುರುತು ಹಿಡಿದು ಹೆಸರಿನಿಂದ ಕರೆದರೆ ಸಾಕು, ಬೇರೇನೂ ಬೇಡವಾಗಿತ್ತು ನನಗೆ.

ಮಂಜಿನಲ್ಲಿ ಬರುವ ಆ ಮಿಟುಕಲಾಡಿ ದೆವ್ವಕ್ಕೆ ಮಾತ್ರ ಟೋಪಿ ತೆಗೆದು ವಂದಿಸುತ್ತಿದ್ದ. ಅವಳು ಈ ಬಂಗಲೆಯ ಹಳೇ ಕಾಲದ ದೊರೆಸಾನಿ, ಬೂದು ರೇಷ್ಮೆಯ ಉಡುಪು. ಮಂಜು ಕವಿದ ದಿನ ಮೆಟ್ಟಿಲಿಳಿದು ನೇರ ಹುಲ್ಲುಗಾವಲಿಗೆ ನಡೆಯುತ್ತಾಳೆ. ಹಾಹಾ ತೋಡುವ ಮೊದಲೇ ಸತ್ತವಳು. ಅವಳ ಪಾಲಿಗೆ ಅಲ್ಲಿ ಇನ್ನೂ ನೆಲವಿದೆ. ಗಾಳಿಯ ಮೇಲೆ ಕಾಲಿಟ್ಟು ದಾಟಿಬಿಡುತ್ತಾಳೆ. ಇಲ್ಲಿ ದುಡಿದವರೆಲ್ಲ ಅವಳನ್ನು ಕಂಡವರೇ, ಬಾಯಿ ಬಿಡುವವರಿಲ್ಲ. ಅವಳು ಹಾದುಹೋಗುವಷ್ಟು ಹೊತ್ತು ಹವಾಮಾನದ ಮಾತಾಡುತ್ತೇವೆ.

ಕಳೆದ ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ಮಂಜು ದಟ್ಟವಾಗಿತ್ತು. ಗುಲಾಬಿ ಪಾತಿಯ ಬಳಿ ಜನರಿಗೆ ವಿವರಿಸುತ್ತಿದ್ದವಳು ತಿರುಗಿ ನೋಡಿದರೆ ಬೆಂಚು ಖಾಲಿ. ಆಂಬ್ರೋಸ್ ಆ ದೊರೆಸಾನಿಗೆ ಹಿಡಿದುಕೊಳ್ಳಲು ತೋಳು ಕೊಟ್ಟು ಹುಲ್ಲುಹಾಸಿನ ಅಂಚಿನತ್ತ ನಡೆಯುತ್ತಿದ್ದ. ನನಗೆ ಯಾವತ್ತೂ ಕೊಡದ ತೋಳು! ಹೊಟ್ಟೆ ಉರಿಯಿತು. ಮರುಕ್ಷಣ ಮುಂದಿದ್ದ ಕಂದಕದ ನೆನಪಾಯಿತು.

"ಹಾಹಾ!" ಎಂದು ಕಿರುಚಿದೆ. "ಆಂಬ್ರೋಸ್, ಹಾಹಾ! ಹಾಹಾ!"

ಕಂದಕದ ಹೆಸರು ಇನ್ನೂ ಕೇಳಿರದ ಜನ ಗೊಳ್ಳೆಂದು ನಕ್ಕರು. "ಎಷ್ಟು ಚೆನ್ನಾಗಿ ನಗ್ತಾರಪ್ಪ ಈಯಮ್ಮ!" ಎಂದು ಕೆಂಪು ಶಾಲಿನ ಹೆಂಗಸೊಬ್ಬಳು ಚಪ್ಪಾಳೆ ತಟ್ಟಿದಳು. ಗುಂಪು ಬಿಟ್ಟು ಮುಂದೆ ಹೋಗಿ ಅಂಚಿನ ಬಳಿ ನಿಂತಿದ್ದ ಗಂಡಸೊಬ್ಬ ಕೈ ಚಾಚಿದ್ದರೆ ಸಾಕಿತ್ತು. ಅವನೂ ನಗುತ್ತಲೇ ಪಕ್ಕಕ್ಕೆ ಸರಿದು ಆಂಬ್ರೋಸನಿಗೆ ದಾರಿ ಬಿಟ್ಟ. ಅಡ್ಡ ನಿಂತಿದ್ದಕ್ಕೆ "ಸಾರಿ" ಎಂದೂ ಹೇಳಿದ.

ಆಂಬ್ರೋಸ್ ಅಂಚು ದಾಟಿದ. ಬೀಳಲಿಲ್ಲ. ಸಮನೆಲದ ಮೇಲೆಂಬಂತೆ ಅವಳ ಜೊತೆ ನಡೆದು ಆಚೆಯ ಹುಲ್ಲುಗಾವಲು ಸೇರಿದ. ಅಬ್ಬ, ಉಳಿದುಕೊಂಡ ಎಂದು ಕೈ ಮುಗಿದೆ. ಅವನು ನಿಂತು ಹಿಂತಿರುಗಿ ನನ್ನನ್ನೇ ನೋಡಿದ. ಮುಖ ಅರಳಿತು.

"ವಿನೀ! ಅಲ್ಲೇನೇ ಮಾಡ್ತಿದೀಯ, ಆ ಚಳೀಲಿ? ಬಾರೇ ಈ ಕಡೆ!"

ಸಂತೋಷ ತಡೆಯಲಾರದೆ ಅಂಚಿನವರೆಗೂ ಓಡಿದೆ. ಅಲ್ಲಿ ಕಾಲು ತಡೆದು ಕೆಳಗೆ ನೋಡಿದೆ. ಕಂದಕದ ಕಲ್ಲುಗಳ ಮೇಲೆ ಆಂಬ್ರೋಸ್ ಕತ್ತು ಮುರಿದು ಬಿದ್ದಿದ್ದ. ಆಚೆಯಿಂದ ಅವನು ನನ್ನ ಹೆಸರು ಹಿಡಿದು ಕರೆಯುತ್ತಲೇ ಇದ್ದ.