ಎಂಜಲು ಹಚ್ಚುವಂತಿಲ್ಲ

ನನ್ನ ಮದುವೆ ಒಂದು ಟ್ರಾನ್ಸಿಸ್ಟರಿನಿಂದ ನಿಂತುಹೋಗಿತ್ತು. ಹೇಳಿದರೆ ಜನ ನಗುತ್ತಾರೆ. ನಗಲಿ, ನಮ್ಮಪ್ಪನ ಜೊತೆ ಒಂದು ದಿನ ಏಗಿ ನೋಡಲಿ.

ಅಪ್ಪ ಆಂಪ್ಲಿಫೈಯರ್ ರಿಪೇರಿಯವರು. ಅದರೊಳಗೆ ಎರಡು ಟ್ರಾನ್ಸಿಸ್ಟರ್ ಜೊತೆಯಾಗಿ ದುಡಿಯಬೇಕಾದರೆ ಎರಡರ ಗೇನೂ ಒಂದೇ ಇರಬೇಕು, ಅಂದರೆ ಚೂರು ಕೊಟ್ಟಿದ್ದನ್ನು ಎರಡೂ ಸಮನಾಗಿ ಹಿಗ್ಗಿಸಿ ಕೊಡಬೇಕು. ಅಂಗಡಿಯಲ್ಲಿ ಅದನ್ನು ಜೋಡಿ ಎನ್ನುತ್ತಾರೆ. ಅಳೆಯಲು ಅಪ್ಪನ ಬಳಿ ಮುಳ್ಳಿನ ಮೀಟರ್ ಇದೆ. ಟ್ರಾನ್ಸಿಸ್ಟರಿನ ಮೂರು ಕಾಲಲ್ಲಿ ಆಚೀಚೆಯ ಎರಡಕ್ಕೆ ಮೀಟರಿನ ಕ್ಲಿಪ್ ಕಚ್ಚಿಸಿ, ಬೆರಳು ನೆಕ್ಕಿ, ಆ ಒದ್ದೆ ಬೆರಳಿನಿಂದ ನಡುವಿನ ಕಾಲನ್ನೂ ಪಕ್ಕದ ಕಾಲನ್ನೂ ಸೇರಿಸಿ ಒತ್ತುತ್ತಾರೆ. ಮುಳ್ಳು ಎದ್ದಷ್ಟು ಗೇನು.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಟ್ರಾನ್ಸಿಸ್ಟರ್ ಅದೇ ಇಟ್ಟು ಬೆರಳು ಬದಲಿಸಿದರೆ ಮನುಷ್ಯರ ಗೇನೂ ಸಿಗುತ್ತದೆ ಎಂಬ ಹುಳ ಅವರ ತಲೆಗೆ ಹೊಕ್ಕಿತು. ಅದೂ ನಾನು ಇಷ್ಟಪಟ್ಟವನು ಮನೆಗೆ ಬಂದ ದಿನವೇ. ಅವನು ಬೇಕರಿಯವನು. ಹಿಟ್ಟು ಮೆತ್ತಿ, ಒಲೆಯ ಕಾವು ಬಡಿದು ಅವನ ಕೈ ಸದಾ ಒಣಕಲು.

"ಎಂಜಲು ಹಚ್ಚೋ ಹಾಗಿಲ್ಲ. ಅದು ಮೋಸ," ಎಂದರು ಅಪ್ಪ.

ನಾನು ಒತ್ತಿದೆ. ಮುಳ್ಳು ಅರ್ಧಕ್ಕೆ ಬಂದು ನಿಂತಿತು. ಬೇಕರಿಯವನು ಉಸಿರು ಬಿಗಿಹಿಡಿದು, ಉಗುರು ಬೆಳ್ಳಗಾಗುವಷ್ಟು ಒತ್ತಿದ. ಊಹೂಂ, ಅಲುಗಲಿಲ್ಲ.

"ಹುಡುಗ ಒಳ್ಳೆಯವನೇ ಕಣಮ್ಮ, ಆದ್ರೆ ಗೇನ್ ಇಲ್ಲ. ಜೋಡಿ ಆಗಲ್ಲ."

"ನಾವು ಮನುಷ್ಯರು ಅಪ್ಪಾ!"

"ಜೋಡಿ ಸರಿಯಿಲ್ದೆ ಹಾಕಿದ್ರೆ ಒಂದು ಕಾದು ಕಾದು ಸುಟ್ಟೋಗುತ್ತೆ. ನನ್ನ ಮಗಳು ಸುಟ್ಟೋಗೋದು ಬೇಡ."

ಅವರ ಕಣ್ಣು ನಿಜಕ್ಕೂ ತುಂಬಿತ್ತು. ನನಗೆ ಮೈಯೆಲ್ಲ ಉರಿಯಿತು.

ಪಾತ್ರೆ ತೊಳೆಯುತ್ತಿದ್ದ ಅಮ್ಮ ಹಾಗೇ ಎದ್ದು ಬಂದಳು. "ಎಲ್ಲಿ, ನೀವೊಂದ್ಸಲ ಒತ್ತಿ. ನೆಕ್ಕದೆ."

ಅಪ್ಪ ನಗುತ್ತಲೇ ಒತ್ತಿದರು. ಬೆಸುಗೆಯ ಬಿಸಿ ತಾಗಿ ತಾಗಿ ಜಡ್ಡುಗಟ್ಟಿದ ಬೆರಳು ಅದು. ಮುಳ್ಳು ಮಲಗಿಯೇ ಇತ್ತು. ಅಮ್ಮ ಒದ್ದೆ ಬೆರಳು ಇಟ್ಟಳೋ ಇಲ್ಲವೋ, ಮುಳ್ಳು ಆಚೆ ತುದಿಗೆ ಹೋಗಿ ಟಣ್ ಎಂದು ಬಡಿಯಿತು.

ಅಪ್ಪ ಸ್ಟೂಲಿನ ಮೇಲೆ ಕುಸಿದರು. "ಹಾಗಾದ್ರೆ ನಾವು ಜೋಡೀನೇ ಅಲ್ವೇನೇ?"

"ಇಷ್ಟು ವರ್ಷ ಕಾದು ಕಾದು ಸುಡ್ತಿರೋದು ಯಾರು ಅಂತ ಈಗ್ಲಾದ್ರೂ ಗೊತ್ತಾಯ್ತಲ್ಲ," ಎಂದಳು ಅಮ್ಮ.

ಹೀಗೆ ನನ್ನ ಮದುವೆಯ ಜೊತೆ ಅವರದ್ದೂ ನಿಂತಿತು. ಅಪ್ಪ ಮೀಟರಿನ ಬ್ಯಾಟರಿ ಬದಲಿಸಿದರು, ಕ್ಲಿಪ್ ಉಜ್ಜಿದರು, ಬೇರೆ ಟ್ರಾನ್ಸಿಸ್ಟರ್ ಹಾಕಿದರು. ಒತ್ತಿದರೆ ಮತ್ತದೇ ಸೊನ್ನೆ. ಅವರ ಪೆಚ್ಚು ಮುಖ ನೋಡಿ ನನ್ನ ಸಿಟ್ಟೆಲ್ಲ ಇಳಿದು ಅಳು ಬಂತು.

ಅಮ್ಮನಿಗೂ ಬಂದಿರಬೇಕು. ಮತ್ತೆ ಪಾತ್ರೆ ತೊಳೆಯಲು ಕೂತಿದ್ದವಳು ಎದ್ದು ಬಂದು, ಅಪ್ಪನ ಬೆರಳಿನ ಮೇಲೆ ತನ್ನ ಬೆರಳಿಟ್ಟು ಒತ್ತಿದಳು. ಅವಳ ಕೈಯ ನೀರು ಅಪ್ಪನ ಬೆರಳಿಗೆ ಇಳಿಯಿತು. ಮುಳ್ಳು ಮೆಲ್ಲಗೆ ಎದ್ದು, ನನ್ನದು ನಿಂತಿದ್ದ ಅರ್ಧದಲ್ಲೇ ನಿಂತಿತು.

"ಎಂಜಲು ಅಲ್ಲ ತಾನೇ?" ಎಂದರು ಅಪ್ಪ.

"ಪಾತ್ರೆ ನೀರು ರೀ."

ಅಪ್ಪ ಯೋಚಿಸಿದರು. ನಿಯಮಕ್ಕೆ ಭಂಗವಿರಲಿಲ್ಲ. ಮುಳ್ಳಿನಿಂದ ಕಣ್ಣು ಕೀಳದೆ, ಅಮ್ಮನ ಬೆರಳನ್ನೂ ಬಿಡದೆ ಬೇಕರಿಯವನನ್ನು ಗದರಿದರು.

"ಏನಯ್ಯಾ ನೋಡ್ತಾ ನಿಂತಿದೀಯ? ಹೋಗು, ಉಳಿದ ಪಾತ್ರೆ ತೊಳಿ!"

ಅವನು ಆಗಲೇ ಅಂಗಿಯ ತೋಳು ಮಡಚಿಕೊಂಡು ಒಳಗೆ ಓಡಿದ್ದ.