ಮೂರು ದಿನ, ಆರು ಮೆಣಸಿನ ಗಿಡ

ಮತ್ತೊಂದು ಬಿತ್ತು, ಹೂವು ಬಿದ್ದರೆ ಸದ್ದಾಗುವುದಿಲ್ಲ, ಆದರೂ ಕಂಡಿತು, ಕುಂಡಗಳ ಕೆಳಗೆ ಹಾಸಿದ ಹಳೇ ಪೇಪರಿನ ಮೇಲೆ ಬೆಳ್ಳಗೆ, ನಿನ್ನೆಯಿಂದ ಇದು ಏಳನೆಯದು — ಬೀಳುವ ಮೊದಲು ತೊಟ್ಟು ಹಳದಿಯಾಗುತ್ತದೆ, ಮೂರನೆಯ ಕುಂಡದಲ್ಲಿ ಇನ್ನೊಂದು ಹಳದಿಯಾಗಿದೆ, ಈ ಮೂಲೆಯ ಚಾಪೆಯಿಂದ ಅಲ್ಲಿಗೆ ಐದು ಹೆಜ್ಜೆ, ಆದರೆ ಹೋಗುವ ಹಾಗಿಲ್ಲ, ನಾನು ಹೊರಗಾಗಿದ್ದೇನೆ, ಅಂದರೆ ಹಾಗೆಂದು ಹೇಳಿದ್ದೇನೆ. ಹನ್ನೆರಡಕ್ಕೆ ಹೋದ ಕರೆಂಟು ಎರಡಕ್ಕೆ ಬರುತ್ತದೆ, ಫ್ಯಾನಾದರೂ ತಿರುಗುತ್ತಿದ್ದರೆ ಹೂವು ತುಸು ಅಲುಗಾಡುತ್ತಿದ್ದವು, ಜೇನ್ನೊಣ ಒಳಗೆ ಬರುವುದಿಲ್ಲ, ಪಾರಿವಾಳಕ್ಕೆ ಬಲೆ, ಸೊಳ್ಳೆಗೆ ಜಾಲರಿ, ಮೆಹದಿಪಟ್ಟಣಂನ ಮೂರನೆಯ ಮಹಡಿ, ಅದಕ್ಕೇ ಪರಾಗ ಉದುರಿ ಕಾಯಿ ಕಟ್ಟಲೆಂದು ದಿನಾ ಬೆಳಿಗ್ಗೆ ಹೂವಿನ ಹಿಂದೆ ಬೆರಳಿನಿಂದ ಮೆಲ್ಲಗೆ ತಟ್ಟಬೇಕು, ಟಿ.ವಿ.ಯ ತೆಲುಗು ರೈತರ ಕಾರ್ಯಕ್ರಮದಲ್ಲಿ ಕೇಳಿದ್ದು, ತಟ್ಟಿದವೆಲ್ಲ ಕಾಯಾಗುವುದಿಲ್ಲ, ತಟ್ಟದಿದ್ದವು ಒಂದೂ ಆಗಿಲ್ಲ. ಬೇಗಂ ಬಜಾರಿನಿಂದ ತಂದ ಬ್ಯಾಡಗಿ ಮೆಣಸಿನಕಾಯಿ ಒಡೆದು ತೆಗೆದ ಬೀಜ, ಮೊದಲ ಸಲ ಕೊಳೆಯಿತು, ಎರಡನೆಯ ಸಲ ಬಾಡಿತು, ಮೂರನೆಯ ಸಲ ಈ ಆರು, ಪಕ್ಕದಲ್ಲಿ ಪುದೀನ, ದೊಡ್ಡಪತ್ರೆ, ಅತ್ತೆಯ ತುಳಸಿ — ಇಡೀ ಬೇಗಂ ಬಜಾರ್ ತುಂಬ ಮೆಣಸಿನಕಾಯಿ ಬಿದ್ದಾವ, ನೀ ಮನ್ಯಾಗ ಹನ್ನೆರಡು ಬೆಳೀತಿ, ಎಂದಿದ್ದರು ಇವರು, ಬೆಳೀತೀನಿ, ನಿಮಗೊಂದೂ ಕೊಡೂದಿಲ್ಲ.

ತುಳಸಿಯ ಸಾಲಿನಲ್ಲಿ ಇರುವುದರಿಂದ ಎಲ್ಲಕ್ಕೂ ತುಳಸಿಯ ನಿಯಮ, ಹೊರಗಾದವಳು ಮೂರು ದಿನ ಮುಟ್ಟಬಾರದು, ಅಡುಗೆಮನೆಗೂ ಹೋಗಬಾರದು, ಫ್ಯಾಕ್ಟರಿಗೆ ಹೋಗುವ ಮೊದಲು ಇವರೇ ಅನ್ನ ಮಾಡಿಡುತ್ತಾರೆ, ಮೊದಲು ಅವಮಾನವೆನಿಸುತ್ತಿತ್ತು, ಇಪ್ಪತ್ತಾರು ವರ್ಷದಲ್ಲಿ ಅದೇ ರಜೆಯಾಯಿತು, ಬೇರೆ ರಜೆ ಇರಲಿಲ್ಲ. ನವೆಂಬರಿನಲ್ಲಿ ಮುಟ್ಟು ನಿಂತಿತು, ನಲವತ್ತೆಂಟು ಮುಗಿದಿತ್ತು, ಡಿಸೆಂಬರಿನಲ್ಲಿ ಒಂದು ದಿನ ಸೊಂಟ ಎತ್ತಲಾಗದೆ ಬಾಯಿ ತಾನೇ ಹೇಳಿತು, ಅತ್ತಿ, ಹೊರಗಾಗೀನಿ, ಚಾಪೆ ಹಾಸಿ ನಾಲ್ಕು ತಾಸು ನಿದ್ದೆ, ಯಾರೂ ಎಬ್ಬಿಸಲಿಲ್ಲ. ಇದು ಐದನೆಯ ಸುಳ್ಳು. ಆಗ ಗಿಡದಲ್ಲಿ ಹೂವಿರಲಿಲ್ಲ, ಹೂವು ಮಾರ್ಚಿಗೆ ಬಂದವು, ಮಾರ್ಚಿನ ಮೂರು ದಿನ ಉದುರಿದವು, ಈಗ ಮತ್ತೆ, ತೊಟ್ಟು ಹಳದಿ, ಆಮೇಲೆ ಪೇಪರಿನ ಮೇಲೆ — ಅತ್ತೆ ಬಂದು ನಿಂತಿದ್ದಾರೆ, ಎಪ್ಪತ್ತಾರು ವರ್ಷ, ಕಣ್ಣು ಮಾತ್ರ ಚುರುಕು, ಖರೇ ಹೇಳು ಶೋಭಾ, ಗಿಡಾ ಮುಟ್ಟೀಯೇನು, ಇಲ್ಲರೀ ಅತ್ತಿ, ಮುಟ್ಟಲಾರದ ಹಿಂಗ ಉದುರ್ತಾವೇನು, ಹೋದ ತಿಂಗಳೂ ನೀ ಹೊರಗಿದ್ದಾಗs ಉದುರಿದ್ವು, ಮುಟ್ಟಿಲ್ಲರೀ, ಮುಟ್ಟದೇ ಇರುವುದಕ್ಕೇ ಉದುರುತ್ತಿವೆ ಎಂದು ಹೇಗೆ ಹೇಳುವುದು, ನೀವು ತಟ್ಟ್ರಿ ಎಂದರೆ ಅವರದು ನಡುಗುವ ಕೈ, ಕೊಂಬೆಯೇ ಮುರಿದೀತು, ನಿನ್ನ ನೆರಳರ ಬಿದ್ದೀತು, ಎನ್ನುತ್ತಾರೆ ಅತ್ತೆ, ತುಳಸಿ ಮಗ್ಗಲಕ್ಕ ಇವು ಬ್ಯಾಡs ಬ್ಯಾಡ, ಸಂಜೀಕ ಪ್ರಹ್ಲಾದ ಬರ್ಲಿ, ಆರೂ ಕಿತ್ತು ಒಗಸ್ತೀನಿ. ಒಗೆಸುತ್ತಾರೆ, ಅಮ್ಮ ಹೇಳಿದ್ದಕ್ಕೆ ಇವರು ಇಲ್ಲ ಅಂದದ್ದು ನಾನು ಕಂಡಿಲ್ಲ, ಗಿಡ ಹೋದರೆ ಮೂರು ದಿನದ ರಜೆ ಉಳಿಯುತ್ತದೆ, ಮುಂದಿನ ತಿಂಗಳೂ, ಐವತ್ತರವರೆಗೆ ಅನುಮಾನ ಬರಲಿಕ್ಕಿಲ್ಲ, ಇಪ್ಪತ್ತು ತಿಂಗಳು, ಅರವತ್ತು ದಿನ ನಿದ್ದೆ, ಮೆಣಸಿನಕಾಯಿಯನ್ನು ಬಜಾರಿನಿಂದ ತರಬಹುದು, ತರಬಹುದು, ನಿದ್ದೆಯನ್ನು ಎಲ್ಲಿಂದ —

ಅತ್ತಿ, ನಂದು ನಿಂತು ಐದು ತಿಂಗಳಾತು. ಇದು ನನ್ನದೇ ದನಿ. ಅತ್ತೆ ಗೋಡೆ ಹಿಡಿದು ನನ್ನನ್ನು, ಚಾಪೆಯನ್ನು, ಮತ್ತೆ ನನ್ನನ್ನು ನೋಡಿದರು, ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ, ಹಂಗಾರ ಏಳು, ಚಾಪಿ ಸುತ್ತಿಡು, ಕುಕ್ಕರ್ ಇಡು, ಪ್ರಹ್ಲಾದನ ಕೈ ಅನ್ನ ಉಂಡು ನನ್ನ ಹೊಟ್ಟಿ ಕೆಟ್ಟದ. ಏಳಬೇಕು, ಮೊದಲು ಅಕ್ಕಿ, ಅಲ್ಲ, ಮೊದಲು ಹೂವು, ಇನ್ನು ದಿನಾ ಮುಟ್ಟಬಹುದು, ದಿನಾ, ಮೂವತ್ತು ದಿನವೂ, ಕೈ ನೆಲಕ್ಕೂರಿದೆ, ಮೊಣಕಾಲು ಏಳುತ್ತಿಲ್ಲ, ಮೂರನೆಯ ಕುಂಡ, ಹಳದಿಯಾದದ್ದನ್ನು ತಟ್ಟಿ ಉಪಯೋಗವಿಲ್ಲ, ಇನ್ನೂ ಬಿದ್ದಿಲ್ಲ, ಹಳದಿ ತೊಟ್ಟು, ಅದರ ತುದಿಗೆ ಬಿಳಿ ಹೂವು, ಹಳದಿ ತೊಟ್ಟು